ಬೀಗ ಹಾಕಿ ಬಂದ ಬೀಗಿತ್ತಿ

ಇವತ್ತು ಬೆಳಿಗ್ಗೆಯಿಂದ ಆದ ಕೆಲಸಗಳು: ಅತ್ತೆಗೆ ಬಿಸಿನೀರು, ಮಾತ್ರೆ, ಆಮೇಲೆ ಟೀ ಕೊಟ್ಟೆ. ತೆಂಗಿನಕಾಯಿ ತುರಿದು ಹಾಲು ಹಿಂಡಿಟ್ಟೆ. ಡಬ್ಬಿಯ ಹಾಲು ಕಪಾಟಿನಲ್ಲಿತ್ತು, ಇವತ್ತಿನ ಅಡುಗೆಗೆ ಅದನ್ನು ತೆರೆಯಲು ಮನಸ್ಸು ಬರಲಿಲ್ಲ. ಕೋಳಿಗೆ ಉಪ್ಪು, ಅರಿಶಿನ, ಶುಂಠಿ, ಬೆಳ್ಳುಳ್ಳಿ ಹಚ್ಚಿ ಫ್ರಿಜ್ಜಿನಲ್ಲಿಟ್ಟೆ. ಶಾವಿಗೆಯನ್ನು ತುಪ್ಪದಲ್ಲಿ ಹುರಿದೆ. ಮೇಲಿನ ಕೋಣೆಯ ಮಂಚಕ್ಕೆ ಒಗೆದ ಚಾದರ ಹಾಸಿ, ಕಾಲ ಬಳಿ ಎರಡು ಕಂಬಳಿ ಮಡಿಸಿಟ್ಟೆ. ಡ್ರೈವ್‌ವೇ ಮೇಲಿನ ಮೇಪಲ್ ಎಲೆ ಗುಡಿಸಿದೆ; ಪೊರಕೆ ಒಳಗಿಟ್ಟು ತಿರುಗಿ ನೋಡಿದರೆ ಅಷ್ಟೇ ಎಲೆ ಮತ್ತೆ ಬಿದ್ದಿತ್ತು. ಈ ವರ್ಷ ಮೊದಲ ಸಲ ಹೀಟ್ ಹಾಕಿದೆ. ಮಧ್ಯಾಹ್ನ ಎಲ್ಲರೂ ಏರ್‌ಪೋರ್ಟಿಗೆ ಹೋಗಿ ಬೀಗಿತ್ತಿಯನ್ನು ಕರೆದುಕೊಂಡು ಬಂದೆವು.

ಮಗನ ಮದುವೆಯಾಗಿ ಎರಡು ವರ್ಷ. ಅವನ ಹೆಂಡತಿಯ ತಾಯಿಯನ್ನು ನಾನು ಎದುರಿಗೆ ನಿಂತು ನೋಡಿದ್ದು ಇವತ್ತೇ.

ನಾವು ಜರ್ಸಿಯ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಮನೆ ಮಾಡಿ ಬಹಳ ಕಾಲವಾಯಿತು. ನನ್ನ ಗಂಡ ಬೆಂಗಳೂರಿನಲ್ಲಿ ಬೆಳೆದವರು, ನಾನು ಮೈಸೂರಿನವಳು. ಅತ್ತೆಯ ಮನೆಮಾತು ದಖ್ಖನಿ. ನನ್ನ ಅಪ್ಪ ಕನ್ನಡ ಮೇಷ್ಟ್ರಾಗಿದ್ದರಿಂದ ನಮ್ಮ ಮನೆಯಲ್ಲಿ ಕನ್ನಡವೇ ಹೆಚ್ಚು ನಡೆಯುತ್ತಿತ್ತು. ಮದುವೆಯ ಹೊಸತರಲ್ಲಿ ಅತ್ತೆ ದಖ್ಖನಿಯಲ್ಲಿ ಬೈದರೆ ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಬೈಗುಳ ನನಗೆ ಪೂರ್ತಿ ತಲುಪುತ್ತಿಲ್ಲವೇನೋ ಎಂಬ ಅನುಮಾನ ಬಂದು ಅತ್ತೆಯೂ ನಿಧಾನಕ್ಕೆ ಕನ್ನಡಕ್ಕೆ ತಿರುಗಿದರು. ಈಗ ಅವರ ಕನ್ನಡ ನನ್ನದಕ್ಕಿಂತ ಚುರುಕು.

ಮಗ ಇಲ್ಲೇ ಹುಟ್ಟಿದವನು. ಬ್ರಿಡ್ಜ್‌ವಾಟರಿನ ಒಂದು ಔಷಧ ಕಂಪನಿಗೆ ದಿನಾ ಕಮ್ಯೂಟ್ ಮಾಡುತ್ತಾನೆ. ಸೊಸೆ ಫಿಲಿಪೀನ್ಸಿನವಳು. ಇಲ್ಲಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಇಬ್ಬರೂ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದರು. ಅವಳಿಗೆ ದಿನ ತುಂಬುತ್ತಾ ಬಂದ ಮೇಲೆ ನಮ್ಮ ಮನೆಗೇ ಬಂದಿದ್ದಾರೆ.

ಅವಳ ತಾಯಿಯ ಜೊತೆಗಿನ ಮೊದಲ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಮದುವೆಯ ಮಾತು ನಿಶ್ಚಯವಾದ ವಾರವೇ ವಿಡಿಯೋ ಕಾಲ್. ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ ನಾನೂ ಅತ್ತೆಯೂ ತಲೆಗೆ ಸೆರಗು ಸರಿಮಾಡಿಕೊಂಡು ಕುಳಿತೆವು. ಆ ಕಡೆ ದುಂಡು ಮುಖದ, ಕುಳ್ಳಗಿನ ಹೆಂಗಸೊಬ್ಬರು ಕಾಣಿಸಿಕೊಂಡರು. ನನ್ನನ್ನು ನೋಡಿದ್ದೇ ತಡ, ಎರಡೂ ಕೈ ಅಗಲಿಸಿ ಕೂಗಿದರು, "ಬಲಾಯೆ! ಬಲಾಯೆ!"

ಅತ್ತೆ ಸೆಟೆದು ಕುಳಿತರು.

"ಏನಂದ್ಲು ಅವಳು? ಬಲಾ ಅಂದ್ಲಾ?"

ದಖ್ಖನಿಯಲ್ಲಿ ಬಲಾ ಎಂದರೆ ಪೀಡೆ, ಪಿಶಾಚಿ, ತಲೆಗೆ ಬಂದ ಕಂಟಕ. ಒಂದಕ್ಕಿಂತ ಹೆಚ್ಚಿದ್ದರೆ ಬಲಾಯೆಂ.

"ಇಲ್ಲಮ್ಮಾ, ಅವರ ಭಾಷೆಲಿ ಏನೋ ಇರ್ಬೇಕು," ಎಂದೆ.

"ಏನಿದ್ರೂ ಸರಿ. ನನ್ನ ಸೊಸೇನ ಬಲಾ ಅನ್ನೋ ಹಕ್ಕು ಇರೋದು ನನಗೊಬ್ಬಳಿಗೆ. ಮೂವತ್ತು ವರ್ಷದಿಂದ ಅಂದ್ಕೊಂಡು ಬಂದಿದೀನಿ. ಇವಳು ಮೊದಲನೇ ದಿನವೇ ಶುರು ಮಾಡ್ಕೊಂಡ್ಳಲ್ಲ!"

ಮಗ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಹುಡುಗಿ, ಆಗಿನ್ನೂ ಸೊಸೆಯಾಗಿರಲಿಲ್ಲ, ಕೆಂಪಾಗಿ ವಿವರಿಸಿದಳು: ಬಲಾಯೆ ಎಂದರೆ ಮಗನ ಅಥವಾ ಮಗಳ ಅತ್ತೆಮಾವ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಬ್ಬರನ್ನೊಬ್ಬರು ಕರೆಯುವ ಹೆಸರು. ಇಂಗ್ಲಿಷಿನಲ್ಲಿ ಇದಕ್ಕೆ ಪದವೇ ಇಲ್ಲ ಆಂಟಿ, ಎಂದಳು.

"ನಮ್ಮಲ್ಲಿದೆ!" ಎಂದು ನಾನು ಕೂಗಿಬಿಟ್ಟೆ. "ಬೀಗಿತ್ತಿ! ನೀವು ನನಗೆ ಬೀಗಿತ್ತಿ!"

ಈಗ ಪೆಚ್ಚಾಗುವ ಸರದಿ ಆ ಕಡೆಯವರದು. ಅವರು ತಮ್ಮ ಸೊಂಟ ನೋಡಿಕೊಂಡರು, ನನ್ನ ಕಡೆ ನೋಡಿದರು.

"ಬಿಗ್? ಮೀ? ನೋ, ನೋ. ಐ ಆಮ್ ವೆರಿ ಸ್ಮಾಲ್!"

ಎರಡು ದೇಶದ ಹೆಂಗಸರು ಹೀಗೆ ಮೊದಲ ಭೇಟಿಯಲ್ಲೇ ಒಬ್ಬರನ್ನೊಬ್ಬರು ಪೀಡೆ, ದಪ್ಪ ಎಂದು ಕರೆದುಕೊಂಡು ಬಾಂಧವ್ಯ ಬೆಳೆಸಿದೆವು. ಆವತ್ತಿನಿಂದ ನಾನು ಅವರಿಗೆ ಬಲಾಯೆ, ಅವರು ನನಗೆ ಬೀಗಿತ್ತಿ.

ನಿಖಾಕ್ಕೆ ಅವರು ಬರಬೇಕಿತ್ತು. ವೀಸಾ ಸಿಕ್ಕಿತ್ತು, ಟಿಕೆಟ್ ಆಗಿತ್ತು. ಅವರ ಊರು ಫಿಲಿಪೀನ್ಸಿನ ಪೂರ್ವಕ್ಕೆ, ಬಿಕೋಲ್ ಎಂಬ ಸೀಮೆಯಾಚೆ ಸಮುದ್ರದೊಳಗಿರುವ ಒಂದು ದ್ವೀಪ. ಅಲ್ಲಿಂದ ದೊಡ್ಡ ದೋಣಿಯಲ್ಲಿ ದಡಕ್ಕೆ ಬಂದು, ಬಸ್ಸಿನಲ್ಲಿ ಒಂದು ರಾತ್ರಿ ಕಳೆದು ಮನಿಲಾ ಸೇರಬೇಕು. ಹೊರಡಬೇಕಾದ ದಿನ ನನ್ನ ಗಂಡನ ಫೋನಿಗೆ ಮೆಸೇಜ್ ಬಂತು: ಸಿಗ್ನಲ್ ನಂಬರ್ ಟೂ ಬಿದ್ದಿದೆ, ಕ್ರಾಸ್ ಮಾಡಲು ಆಗುತ್ತಿಲ್ಲ.

ಬೆಂಗಳೂರಿನ ಮನುಷ್ಯನಿಗೆ ಸಿಗ್ನಲ್ ಬಿತ್ತು ಎಂದರೆ ಇನ್ನೇನು ಅರ್ಥವಾಗಬೇಕು?

"ಪಾಪ, ಎರಡನೇ ಸಿಗ್ನಲ್ ಹತ್ರ ಸಿಕ್ಕಾಕೊಂಡಿದಾರೆ ಕಣೇ," ಎಂದರು ನನ್ನ ಗಂಡ. "ಆ ಮನಿಲಾ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡಿಗಿಂತ ಕಡೆ ಅಂತೆ. ಸ್ವಲ್ಪ ಮುಂಚೆ ಹೊರಡಬೇಕಿತ್ತು."

ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿಯೂ ಬಿಟ್ಟರು: ಚಿಂತೆ ಮಾಡಬೇಡಿ, ಯಾವ ಸಿಗ್ನಲ್ಲೂ ಕೊನೆಗೆ ಬಿಡುತ್ತದೆ, ಇನ್ನೊಂದು ಸಲ ಮುಂಚೆ ಹೊರಡಿ.

ಸಂಜೆ ಡ್ಯೂಟಿ ಮುಗಿಸಿ ಬಂದ ಹುಡುಗಿ ಮೆಸೇಜ್ ಓದಿ ಅಲ್ಲೇ ಸೋಫಾದ ಮೇಲೆ ಕುಸಿದಳು. ಅವರ ದೇಶದಲ್ಲಿ ಟೈಫೂನ್ ಬರುವಾಗ ಗಾಳಿಯ ಜೋರಿನ ಪ್ರಕಾರ ಒಂದೊಂದು ಊರಿಗೆ ಒಂದರಿಂದ ಐದರವರೆಗೆ ಸಿಗ್ನಲ್ ಏರಿಸುತ್ತಾರಂತೆ. ಒಂದು ಬಿದ್ದರೆ ಸಾಕು, ದೋಣಿಗಳು ನಿಂತುಬಿಡುತ್ತವೆ. ಎರಡು ಬಿತ್ತೆಂದರೆ ದ್ವೀಪದಲ್ಲಿದ್ದವರು ದ್ವೀಪದಲ್ಲೇ. ಅವಳಮ್ಮ ಮನಿಲಾದ ರಸ್ತೆಯಲ್ಲಿರಲಿಲ್ಲ. ಮನೆಯ ತಗಡಿನ ಮಾಡಿಗೆ ಹಗ್ಗ ಬಿಗಿಯುತ್ತಿದ್ದರು.

ನಿಖಾದ ದಿನ ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟಿದ್ದೆವು. ಯಾರೋ ಬಂದು ಅದರ ಮೇಲೆ ಕೋಟು ಇಡಲು ಹೋದರೆ ಅತ್ತೆ ಊರುಗೋಲು ಅಡ್ಡ ಹಿಡಿದರು. "ಅಲ್ಲಿ ಜನ ಇದಾರೆ," ಎಂದರು. ಸೊಸೆ ಆ ಕುರ್ಚಿಯ ಕಡೆ ನೋಡಲೇ ಇಲ್ಲ. ಫೋಟೋಗಳಲ್ಲಿ ಮಾತ್ರ ಅದು ಎಲ್ಲ ಕಡೆಯೂ ಬಂದಿದೆ.

ಆಮೇಲಿನಿಂದ ನಮ್ಮ ಮನೆಯಲ್ಲಿ ಟೈಫೂನಿನ ಪಾಠ ಶುರುವಾಯಿತು. ಒಂದು ಭಾನುವಾರ ಊಟದ ಹೊತ್ತಿಗೆ ಸೊಸೆ ತಟ್ಟೆಯಲ್ಲೇ ಅನ್ನದಿಂದ ತನ್ನ ದೇಶ ಮಾಡಿ ತೋರಿಸಿದಳು. ಮೇಲೆ ಒಂದು ದೊಡ್ಡ ಮುದ್ದೆ, ಕೆಳಗೊಂದು ದೊಡ್ಡ ಮುದ್ದೆ, ನಡುವೆ ಚೂರುಚೂರು. ಸಾರಿನ ಬಟ್ಟಲು ಬಲಗಡೆಯ ಮಹಾಸಾಗರ. ಗಾಳಿ ಹುಟ್ಟುವುದು ಅಲ್ಲಿ, ಬರುವುದು ಬಲದಿಂದ ಎಡಕ್ಕೆ. ಮಳೆಗಾಲದ ನಡುವಿನವು ಮೇಲಿನ ಮುದ್ದೆಯ ತುದಿಗೆ ಬಡಿದು, ಕೆಲವು ಹಾಗೇ ಚೀನಾ, ಜಪಾನ್ ಕಡೆ ತಿರುಗುತ್ತವೆ. ವರ್ಷದ ಕೊನೆ ಬಂದಂತೆ ದಾರಿ ಕೆಳಗಿಳಿದು ಅವಳ ಊರಿನ ಮೇಲೆ, ನಡುವಿನ ಚೂರು ದ್ವೀಪಗಳ ಮೇಲೆ ಹಾಯುತ್ತದೆ. ಕೆಳಗಿನ ಮುದ್ದೆಗೆ ಅಪರೂಪ. ಎಡಗಡೆಯ ಪಶ್ಚಿಮ ತೀರಕ್ಕೆ ಬರುವಷ್ಟರಲ್ಲಿ ಗಾಳಿಗೆ ಬೆಟ್ಟ ಹತ್ತಿ ಇಳಿದ ಆಯಾಸ.

"ಹಾಗಾದ್ರೆ ನಿಮ್ಮ ದೇಶಕ್ಕೆ ಪೂರ್ವದಲ್ಲಿ ತಲೆಬಾಗಿಲು," ಎಂದರು ಅತ್ತೆ. "ನಿಮ್ಮಮ್ಮ ಹೊಸ್ತಿಲ ಮೇಲೇ ಮನೆ ಕಟ್ಕೊಂಡಿದಾಳೆ ಅನ್ನು. ವರ್ಷಕ್ಕೆ ಎಷ್ಟು ಬರ್ತವೆ?"

"ಆ ಕಡೆ ಬರೋದು ಅರೌಂಡ್ ಟ್ವೆಂಟಿ, ದಾದಿ. ನೆಲಕ್ಕೆ ಬರೋದು ಎಂಟು, ಒಂಬತ್ತು," ಎಂದು ಸೊಸೆ ಬೆರಳು ಮಡಿಸುತ್ತಾ ಹೇಳಿದಳು. ಮಗನ ಹಾಗೆ ಅವಳಿಗೂ ಅತ್ತೆ ದಾದಿ, ಅಂದರೆ ಅಜ್ಜಿ. ಹತ್ತರವರೆಗಿನ ಸಂಖ್ಯೆಗಳನ್ನು ಅವಳು ಕನ್ನಡದಲ್ಲಿ ಕಲಿತಿದ್ದಾಳೆ. ಅತ್ತೆ ಮಾತ್ರೆ ಎಣಿಸುವುದನ್ನು ಕೇಳಿ ಕೇಳಿ.

"ಇಪ್ಪತ್ತಾ! ನಮ್ಮನೆಗೆ ವರ್ಷಕ್ಕೆ ಅಷ್ಟು ನೆಂಟರು ಬರಲ್ಲ."

"ನೆಂಟರ ಥರಾನೇ ದಾದಿ. ಎಲ್ಲಕ್ಕೂ ಹೆಸರು ಇದೆ. ಎರಡೆರಡು ಹೆಸರು. ಒನ್ ಫಾರ್ ದ ವರ್ಲ್ಡ್, ಒನ್ ಫಾರ್ ಅಸ್."

"ಮನೇಲಿ ಒಂದು, ಸ್ಕೂಲಲ್ಲಿ ಒಂದು," ಎಂದು ಅತ್ತೆ ತಲೆದೂಗಿದರು. "ನಮ್ಮಲ್ಲೂ ಹಾಗೇ. ತುಂಬಾ ಹಾಳು ಮಾಡಿ ಹೋದವನ ಹೆಸರು ಮತ್ತೆ ಮಕ್ಕಳಿಗೆ ಇಡ್ತಾರಾ?"

"ಇಲ್ಲ ದಾದಿ. ಆ ಹೆಸರು ರಿಟೈರ್ ಮಾಡ್ತಾರೆ."

"ಹಾಂ. ಮರ್ಯಾದಸ್ಥರು."

ಅಂದಿನಿಂದ ಅತ್ತೆಯ ಬಾಯಲ್ಲಿ ಟೈಫೂನ್ ಎಂದರೆ ನೆಂಟ. ಜೂನ್ ಕಳೆದರೆ ದಿನಾ ಒಂದು ಸಲ ಮಗನನ್ನು ಕೇಳುತ್ತಾರೆ, "ನೆಂಟ ಯಾರಾದ್ರೂ ಹೊರಟಿದಾನಾ?" ನಮ್ಮ ಜರ್ಸಿ ತೀರಕ್ಕೆ ಹರಿಕೇನಿನ ಬಾಲ ಬಂದು ಒಂದು ವರ್ಷ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ, ಹರಿಕೇನ್, ಟೈಫೂನ್, ನಮ್ಮ ಬಂಗಾಳ ಕೊಲ್ಲಿಯ ಸೈಕ್ಲೋನ್ ಎಲ್ಲವೂ ಒಂದೇ ಜಾತಿ, ಸಮುದ್ರ ಮಾತ್ರ ಬೇರೆ ಎಂದು ಮಗ ಹೇಳಿದ್ದ. "ಹಾಗಾದ್ರೆ ನಮಗೂ ದೂರದ ಸಂಬಂಧ," ಎಂದು ಅತ್ತೆ ಒದ್ದೆ ಚಾಪೆ ಎತ್ತಿದ್ದರು.

ಈ ವರ್ಷ ಸೊಸೆ ಗರ್ಭಿಣಿ ಎಂದು ತಿಳಿದಾಗ ಅವಳು ಕೇಳಿದ್ದು ಒಂದೇ: ಅಮ್ಮ ಬರಬೇಕು. ಅವಳು ಹೆಚ್ಚು ಬೇಡುವವಳಲ್ಲ. ಚಳಿಯಲ್ಲೂ ಹೀಟ್ ಹಾಕಿ ಎನ್ನದೆ ಸಾಕ್ಸ್ ಮೇಲೆ ಸಾಕ್ಸ್ ಹಾಕಿಕೊಳ್ಳುವ ಹುಡುಗಿ. ಒಂದು ಸಂಜೆ ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹೇಳಿದಳು, "ಅಮ್ಮಿ, ವಾರ್ಡಲ್ಲಿ ಪ್ರತಿಯೊಬ್ಬರಿಗೂ ನಾನೇ ಹೇಳೋದು, ಲುಕ್, ಯುವರ್ ಮಾಮ್ ಈಸ್ ಹಿಯರ್, ಜಸ್ಟ್ ಬ್ರೀದ್ ಅಂತ. ನನಗೆ ಯಾರಾದ್ರೂ ಹಾಗೆ ಹೇಳ್ಬೇಕು."

"ನಾನಿಲ್ವಾ?" ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಈ ಮಗ ಹುಟ್ಟಿದಾಗ ನನ್ನಮ್ಮ ಮೈಸೂರಿನಲ್ಲಿದ್ದರು, ನಾನು ಇಲ್ಲಿದ್ದೆ. ಅತ್ತೆ ಪಕ್ಕದಲ್ಲೇ ಇದ್ದರು, ಬಹಳ ಚೆನ್ನಾಗಿ ನೋಡಿಕೊಂಡರು. ಆದರೂ ನೋವು ಬಂದಾಗ ನಾನು ಕೂಗಿದ್ದು ಯಾರನ್ನು ಎಂದು ನನಗೆ ಗೊತ್ತು.

ಹೆರಿಗೆಗೆ ಡಾಕ್ಟರು ಕೊಟ್ಟದ್ದು ನವೆಂಬರಿನ ಆರಂಭ. ಅಂದರೆ ತಾಯಿ ಬರಬೇಕಾದ್ದು ಅಕ್ಟೋಬರಿನಲ್ಲಿ, ಅವರೂರಿಗೆ ನೆಂಟರು ಸಾಲು ಹಿಡಿಯುವ ಕಾಲಕ್ಕೆ. ಮಗು ಬರುವ ತಿಂಗಳನ್ನು ಗಾಳಿಯನ್ನು ಕೇಳಿ ಇಟ್ಟುಕೊಳ್ಳಲಾಗುತ್ತದೆಯೇ? ಟಿಕೆಟ್ ಮಾಡಿ ಕಾದೆವು.

ಅಕ್ಟೋಬರಿನಲ್ಲಿ ನಮ್ಮ ಗಡಿಯಾರಕ್ಕೂ ಅವರದಕ್ಕೂ ಸರಿಯಾಗಿ ಹನ್ನೆರಡು ಗಂಟೆಯ ಅಂತರ. ಮುಳ್ಳುಗಳು ಎರಡೂ ಕಡೆ ಒಂದೇ ಜಾಗದಲ್ಲಿರುತ್ತವೆ. ನಾನು ಬೆಳಗಿನ ಟೀ ಕುದಿಸುವಾಗ ಅವರು ರಾತ್ರಿಯ ಅನ್ನಕ್ಕೆ ಅಕ್ಕಿ ತೊಳೆಯುತ್ತಾರೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತಾ ಮಾತಾಡುವುದು ಅಭ್ಯಾಸವಾಗಿಬಿಟ್ಟಿದೆ.

ವಿಮಾನಕ್ಕೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ನನ್ನ ಗಂಡ ಲ್ಯಾಪ್‌ಟಾಪ್ ತೆರೆದವರು ಟೀ ಲೋಟ ಕೆಳಗಿಟ್ಟರು. ಮಹಾಸಾಗರದ ನಡುವಿನ ಒಂದು ಚುಕ್ಕೆಯಿಂದ ಬಣ್ಣಬಣ್ಣದ ಗೆರೆಗಳು ಎಡಕ್ಕೆ ಹರಡಿದ್ದವು. ಗಾಳಿ ಯಾವ ಕಡೆ ಹೋದೀತು ಎಂದು ಒಂದೊಂದು ಲೆಕ್ಕ ಒಂದೊಂದು ದಾರಿ ಹೇಳುತ್ತದಂತೆ. ಅತ್ತೆ ಹಿಂದಿನಿಂದ ಇಣುಕಿದರು.

"ಶಾವಿಗೆ ಯಾಕೋ ನಕ್ಷೆ ಮೇಲೆ ಚೆಲ್ಲಿದೀಯ?"

"ಅಮ್ಮಾ, ಇದು ನೆಂಟ ಬರೋ ದಾರಿ."

"ಇಷ್ಟೊಂದಾ? ಒಬ್ಬನಿಗೆ ಒಂದು ದಾರಿ ಸಾಲ್ದಾ?"

ಶಾವಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಳೆಗಳು ಆ ಪುಟ್ಟ ದ್ವೀಪದ ಮೇಲೆ ಬಿದ್ದಿದ್ದವು. ಮೂರ್ನಾಲ್ಕು ದಿನದೊಳಗೆ ಬರುತ್ತದೆ. ಸಿಗ್ನಲ್ ಅದಕ್ಕೂ ಮುಂಚೆಯೇ ಏರುತ್ತದೆ, ದೋಣಿ ನಿಲ್ಲುತ್ತದೆ. ಮತ್ತೆ ಯಾವಾಗ ಬಿಡುತ್ತಾರೋ, ಮನಿಲಾದ ಬಸ್ಸಿನ ದಾರಿ ಹೇಗಿರುತ್ತದೋ, ಹೇಳುವವರಿಲ್ಲ. ಬರುವುದಾದರೆ ಮರುದಿನ ಬೆಳಗಿನ ದೋಣಿಗೇ ಹೊರಟು, ವಿಮಾನದ ದಿನದವರೆಗೆ ಮನಿಲಾದಲ್ಲಿ ತಂಗಿಯ ಮನೆಯಲ್ಲಿರಬೇಕು.

ಕಾಲ್ ಮಾಡಿದೆವು. ಬೀಗಿತ್ತಿ ಕೈಯಲ್ಲಿ ಹಗ್ಗದ ಸುರುಳಿ ಹಿಡಿದೇ ಬಂದರು. ಮಗಳ ಮಾತು ಪೂರ್ತಿ ಕೇಳಿಸಿಕೊಂಡು, ನಾಡಿದ್ದು ನೋಡೋಣ ಎಂದರು. ಮಾಡಿಗೆ ಹಗ್ಗ ಬಿಗಿಯಬೇಕು. ಕೋಳಿಗಳನ್ನು ಸಾಗಿಸಬೇಕು. ಸೊಸೆ ಅವರ ಭಾಷೆಯಲ್ಲಿ ಜೋರು ಮಾಡಿದಳು, ಆಮೇಲೆ ಬೇಡಿದಳು, ಆಮೇಲೆ ಮುಖ ತಿರುಗಿಸಿಕೊಂಡು ಸಿಂಕಿನ ಕಡೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಅಳುವುದು ಹೆಂಗಸರಿಗೆ ಎಲ್ಲ ದೇಶದಲ್ಲೂ ಗೊತ್ತಿರುತ್ತದೆ.

ನಾನು ಫೋನ್ ಎತ್ತಿಕೊಂಡು ಊಟದ ಕೋಣೆಗೆ ಹೋದೆ.

"ಬೀಗಿತ್ತಿ, ಕೆಲಸ ಎಷ್ಟಿದ್ರೂ ಒಂದು ದಿನದ್ದು. ನಿಜ ಹೇಳಿ, ಏನು ಯೋಚನೆ?" ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಹಗ್ಗವನ್ನು ಮಡಿಲಲ್ಲಿಟ್ಟುಕೊಂಡರು. ಮನೆ ಕಟ್ಟಿದ್ದು ಅವರ ಗಂಡ. ಮನುಷ್ಯ ಹೋಗಿ ಬಹಳ ವರ್ಷವಾಯಿತು. ಅಷ್ಟು ವರ್ಷವೂ ಗಾಳಿ ಬಂದಾಗಲೆಲ್ಲ ಆ ಮನೆಯೊಳಗೆ ಅವರೇ ಇದ್ದರು. ತಗಡು ಕುಣಿಯುವಾಗ ಮೇಜಿನ ಕೆಳಗೆ ಕುಳಿತು ಮನೆಯ ಜೊತೆ ಮಾತಾಡಿದ್ದೇನೆ. ಒಂದು ಸಲವೂ ಅದನ್ನು ಗಾಳಿಯ ಜೊತೆ ಒಂಟಿ ಬಿಟ್ಟಿಲ್ಲ, ಎಂದರು.

ಮನೆಗಿಂತ ಮಗಳು ದೊಡ್ಡವಳು ಎಂಬುದು ಅವರಿಗೆ ಗೊತ್ತಿಲ್ಲವೇ? ನನಗೆ ಬುದ್ಧಿಮಾತು ತೋಚಲಿಲ್ಲ. ತೋಚಿದ್ದು ಒಂದು ಹುಚ್ಚು ಮಾತು.

"ನಿಮ್ಮನ್ನ ನಾನು ಬೀಗಿತ್ತಿ ಅಂತೀನಲ್ಲ. ನಮ್ಮ ಭಾಷೆಯಲ್ಲಿ ಬೀಗ ಅಂದ್ರೆ ಇನ್ನೊಂದು ಅರ್ಥ ಇದೆ, ಹೇಳಿದೀನಾ?"

"ಬಿಗ್?"

"ಬಿಗ್ ಅಲ್ಲ. ಲಾಕ್. ಬಾಗಿಲಿಗೆ ಹಾಕೋ ಲಾಕ್. ಬೀಗಿತ್ತಿ ಅನ್ನಿಸ್ಕೊಂಡ ಮೇಲೆ ಬೀಗ ಹಾಕಲೇಬೇಕು. ಹಗ್ಗ ಕಟ್ಟಿ, ಕಿಟಕಿ ಮುಚ್ಚಿ, ಮನೆಗೆ ಹೋಗಿ ಬರ್ತೀನಿ ಅಂತ ಹೇಳಿ, ಬೀಗ ಹಾಕಿ ಬನ್ನಿ. ಇಲ್ಲದಿದ್ರೆ ನಾನು ಬೇರೆ ಹೆಸರು ಹುಡುಕಬೇಕಾಗತ್ತೆ."

ಅವರು ಮಡಿಲಲ್ಲಿದ್ದ ಹಗ್ಗವನ್ನು ನೋಡಿಕೊಂಡರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಸೋ ಐ ಆಮ್ ಮಿಸೆಸ್ ಲಾಕ್?"

"ನಾನೂ ಮಿಸೆಸ್ ಲಾಕೇ. ಇಬ್ಬರೂ."

ಅವರು ಮೂಗು ಒರೆಸಿಕೊಂಡು, ನಿಮ್ಮ ಯಜಮಾನರೂ ಆವತ್ತು ಒಂದು ಮಾತು ಬರೆದಿದ್ದರು, ಎಂದರು. ಯಾವ ಸಿಗ್ನಲ್ಲೂ ಕೊನೆಗೆ ಬಿಡುತ್ತದೆ, ಇನ್ನೊಂದು ಸಲ ಮುಂಚೆ ಹೊರಡಿ ಎಂದು. ಬಹಳ ತಿಳಿದವರ ಮಾತು. ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ನನ್ನ ಗಂಡ ಎದೆ ಉಬ್ಬಿಸಿ ಒಳಗೆ ಬಂದರು. "ನೋಡಿದ್ಯಾ? ನಾನು ಹೇಳೋದು ನಿಮಗ್ಯಾರಿಗೂ ಅರ್ಥ ಆಗಲ್ಲ ಅಷ್ಟೇ."

"ನಿನಗೇ ಅರ್ಥ ಆಗಿರಲಿಲ್ಲ ಕಣೋ," ಎಂದರು ಅತ್ತೆ.

ಮರುದಿನ ಬೀಗಿತ್ತಿ ದೋಣಿ ಹತ್ತಿದರು. ಅವರು ದಡ ಸೇರಿದ ದಿನವೇ ದ್ವೀಪಕ್ಕೆ ಸಿಗ್ನಲ್ ಒಂದು ಬಿತ್ತು. ಮನಿಲಾದಲ್ಲಿ ತಂಗಿಯ ಮನೆ ತಲುಪುವಷ್ಟರಲ್ಲಿ ಎರಡು, ಆಮೇಲೆ ಮೂರು. ಅಷ್ಟು ದಿನವೂ ನಮ್ಮ ಮನೆಯಲ್ಲಿ ಯಾರೂ ಶಾವಿಗೆ ಎನ್ನುವ ಪದ ಎತ್ತಲಿಲ್ಲ. ಗಾಳಿ ದ್ವೀಪದ ಉತ್ತರದ ಅಂಚು ಸವರಿಕೊಂಡು ಹೋಯಿತು. ಊರಿನವರು ಶಾಲೆಯ ಕಟ್ಟಡದಲ್ಲಿದ್ದರು; ಎಲ್ಲರೂ ಸುಖ ಎಂದು ಅಲ್ಲಿಯ ರೇಡಿಯೋ ಸುದ್ದಿಯಿಂದ ತಿಳಿಯಿತು. ಅಲ್ಲಿ ಕರೆಂಟಿರಲಿಲ್ಲ, ಫೋನಿರಲಿಲ್ಲ. ಮನೆಯ ಸುದ್ದಿ ಮಾತ್ರ ಬರಲಿಲ್ಲ. ಬೀಗಿತ್ತಿ ಅದು ತಿಳಿಯದೆಯೇ ವಿಮಾನ ಹತ್ತಿದರು.

ಇವತ್ತು ಮಗ ರಜೆ ಹಾಕಿ ವ್ಯಾನ್ ಡ್ರೈವ್ ಮಾಡಿದ. ಸೊಸೆ ಮುಂದೆ, ಮಿಕ್ಕವರು ಹಿಂದೆ. "ಏರ್‌ಪೋರ್ಟಿಗೆ ಇಷ್ಟು ಜನ ಯಾಕೆ?" ಎಂದು ನನ್ನ ಗಂಡ ಕೇಳಿದ್ದಕ್ಕೆ ಅತ್ತೆ, "ನಿನ್ನ ನೋಡೋಕೆ ಅವಳು ಬರ್ತಿರೋದಾ?" ಎಂದು ಶೂ ಹಾಕಿಕೊಂಡೇ ಕೂತಿದ್ದರು. ದಾರಿಯಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸಿಗೆ ಹೋದೆವು. ಎಪ್ಪತ್ನಾಲ್ಕನೇ ಬೀದಿಯಲ್ಲಿ ಅತ್ತೆಗೆ ಬೀಡಾ ಕಟ್ಟಿಸಿ, ರೈಲಿನ ಸೇತುವೆಯಡಿಯಲ್ಲೇ ಸ್ವಲ್ಪ ಮುಂದೆ ಹೋಗಿ ಫಿಲಿಪಿನೋ ಬೇಕರಿಯಲ್ಲಿ ಆ ದೇಶದವರು ಬೆಳಿಗ್ಗೆ ಕಾಫಿಗೆ ಅದ್ದಿ ತಿನ್ನುವ ಪುಟ್ಟ ಬನ್ನು ತೆಗೆದುಕೊಂಡೆವು. ಬನ್ನು ಬಿಸಿಯಾಗಿತ್ತು. ಏರ್‌ಪೋರ್ಟ್ ತಲುಪುವುದರೊಳಗೆ ಅರ್ಧ ಖಾಲಿ. ತಿಂದದ್ದು ತಾನೆಂದು ಯಾರೂ ಒಪ್ಪಲಿಲ್ಲ, ಸೊಸೆಯ ಹೊಟ್ಟೆಯ ಮೇಲೆ ಮಾತ್ರ ಪುಡಿ ಬಿದ್ದಿತ್ತು.

ಬಾಗಿಲು ತೆರೆದು ತೆರೆದು ಮುಚ್ಚಿತು. ಯಾರ್ಯಾರೋ ಬಂದರು. ಕೊನೆಗೆ ಕಾಣಿಸಿದ್ದು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಸುತ್ತಲೂ ನೀಲಿ ಹಗ್ಗ. ಅದರ ಹಿಂದೆ ಟ್ರಾಲಿ ತಳ್ಳುತ್ತಾ, ಯಾರದೋ ದೊಡ್ಡ ಜಾಕೆಟ್ಟಿನೊಳಗೆ ಮುಳುಗಿ, ನಮ್ಮ ಬೀಗಿತ್ತಿ. ನಿಜವಾಗಿಯೂ ವೆರಿ ಸ್ಮಾಲ್. ನನ್ನ ಭುಜಕ್ಕೂ ಬರುವುದಿಲ್ಲ.

ಸೊಸೆ ಓಡಬಾರದು ಎಂದು ನಾನು ಕೂಗುವಷ್ಟರಲ್ಲಿ ತಲುಪಿದ್ದಳು. ತಾಯಿ ಅವಳನ್ನು ತಬ್ಬಲು ನೋಡಿದರು, ಹೊಟ್ಟೆ ಅಡ್ಡ ಬಂತು, ಪಕ್ಕದಿಂದ ತಬ್ಬಿದರು. ಮಗಳ ಕೆನ್ನೆ ಒರೆಸಿದರು, ಹೊಟ್ಟೆಯ ಮೇಲೆ ಎರಡು ಕೈ ಇಟ್ಟು ಅದಕ್ಕೂ ಏನೋ ಹೇಳಿದರು. ಆಮೇಲೆ ನನ್ನ ಮುಂದೆ ಬಂದು ನಿಂತು, ಜಾಕೆಟ್ಟಿನ ಕೊರಳಿನೊಳಗೆ ಕೈ ಹಾಕಿ ದಾರಕ್ಕೆ ಕಟ್ಟಿದ್ದ ಒಂದು ಹಿತ್ತಾಳೆ ಕೀಲಿ ಎಳೆದು ತೋರಿಸಿದರು.

"ಬೀಗ!" ಎಂದರು. ಒಂದಕ್ಷರ ತಪ್ಪಿಲ್ಲ.

"ಅದು ಬೀಗ ಅಲ್ಲಮ್ಮ," ಎಂದು ಅತ್ತೆ ಅಲ್ಲೇ ತಿದ್ದಿದರು. "ಬೀಗದ ಕೈ."

"ವಾಟ್ ಈಸ್ ಕೈ?"

"ಹ್ಯಾಂಡ್," ಎಂದ ಮಗ. "ದ ಲಾಕ್ಸ್ ಹ್ಯಾಂಡ್. ಐ ನೋ, ಇಟ್ಸ್ ವಿಯರ್ಡ್."

ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಒಂದು ಕ್ಷಣ ಯೋಚಿಸಿ, ಕೀಲಿಯನ್ನು ಮತ್ತೆ ಕೊರಳೊಳಗೆ ಬಿಟ್ಟು, ತಮ್ಮ ಬಲಗೈಯನ್ನು ನನ್ನ ಕೈಗೆ ಕೊಟ್ಟರು. "ಬೀಗದ ಕೈ," ಎಂದರು. ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆ ಇನ್ನೂ ಒರಟಾಗಿತ್ತು. ನಾನು ಆ ಕೈಯನ್ನು ವ್ಯಾನಿನವರೆಗೂ ಬಿಡಲಿಲ್ಲ.

ಹತ್ತುವ ಮುಂಚೆ ಅವರು ಅತ್ತೆಯ ಮುಂದೆ ಬಗ್ಗಿ, ಅವರ ಕೈ ತೆಗೆದುಕೊಂಡು ತಮ್ಮ ಹಣೆಗೆ ಒತ್ತಿಕೊಂಡರು. ಹಿರಿಯರಿಗೆ ಅವರಲ್ಲಿ ಹಾಗೆ ಮಾಡುವುದಂತೆ. ಅತ್ತೆ ಅರೆಗಳಿಗೆ ತಬ್ಬಿಬ್ಬಾದರು. ಆಮೇಲೆ ಊರುಗೋಲನ್ನು ನನ್ನ ಕಂಕುಳಿಗೆ ತುರುಕಿ, ಎರಡೂ ಅಂಗೈಗಳನ್ನು ಬೀಗಿತ್ತಿಯ ತಲೆಯಿಂದ ಕೆನ್ನೆಯವರೆಗೆ ಸವರಿ, ತಮ್ಮ ಕಪಾಲಕ್ಕೆ ಒತ್ತಿ ಹತ್ತೂ ಬೆರಳುಗಳ ನೆಟಿಕೆ ಮುರಿದರು. ನೆಟಿಕೆ ಪಟಪಟನೆ ಬಂತು.

"ಇದೇನು ದಾದಿ?" ಎಂದಳು ಸೊಸೆ.

"ಬಲಾಯೆಂ ತೆಗೆಯೋದು. ಅವಳ ಮೇಲಿರೋ ಗಾಳಿ, ದೃಷ್ಟಿ, ಕಂಟಕ ಎಲ್ಲ ನನಗೆ ಬರಲಿ ಅಂತ. ಅವಳೇ ಅಲ್ವಾ ಮೊದಲನೇ ದಿನ ಬಲಾ ಬಲಾ ಅಂತ ಕೂಗಿದ್ದು? ಈಗ ತಗೊಂಡೆ."

ವೆರಜಾನೋ ಸೇತುವೆಯ ಮೇಲೆ ಬರುವಾಗ ಬೀಗಿತ್ತಿಯ ಫೋನ್ ಸದ್ದು ಮಾಡಿತು. ಊರಿನ ಪಕ್ಕದ ಮನೆಯವರು ಹೇಗೋ ಒಂದು ಫೋಟೋ ಕಳಿಸಿದ್ದರು. ಬೀಗಿತ್ತಿ ಕನ್ನಡಕ ಹುಡುಕಿದರು, ಸಿಗಲಿಲ್ಲ, ನನ್ನದನ್ನು ತೆಗೆದುಕೊಟ್ಟೆ. ಬಾಳೆಗಿಡಗಳೆಲ್ಲ ಒಂದೇ ಕಡೆ ಮಲಗಿದ್ದವು. ಅವುಗಳ ಹಿಂದೆ ಮನೆ. ಮಾಡು ಇತ್ತು, ಹಗ್ಗವೂ ಇತ್ತು, ಬಾಗಿಲಲ್ಲಿ ಬೀಗವೂ ಇತ್ತು. ಅಡುಗೆಮನೆಯ ಮೇಲಿನ ಒಂದು ತಗಡು ಮಾತ್ರ ಇರಲಿಲ್ಲ. ಅದು ಫೋಟೋ ತೆಗೆದವರ ಅಂಗಳಕ್ಕೇ ಬಂದು ಬಿದ್ದಿದೆಯಂತೆ.

ಬೀಗಿತ್ತಿ ಬಹಳ ಹೊತ್ತು ನೋಡಿದರು. ಬೆರಳಿನಿಂದ ಫೋಟೋ ಹಿಗ್ಗಿಸಿ ಬೀಗವನ್ನು ಮುಟ್ಟಿದರು. ನಂತರ ನಗುತ್ತಾ, ನಾನು ಹೊರಟದ್ದು ನೋಡಿ ನನ್ನ ಅಡುಗೆಮನೆಯೂ ನೆಂಟರ ಮನೆಗೆ ಹೋಗಿದೆ, ಎಂದರು. ಮಗ ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಬೀಡಾ ಜಗಿಯುವುದು ನಿಲ್ಲಿಸಿ, "ಪರವಾಗಿಲ್ಲ, ಇವಳು ನಮ್ಮವಳೇ," ಎಂದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಡ್ರೈವ್‌ವೇಯ ಎಲೆಗಳ ಮೇಲೆ ಬೀಗಿತ್ತಿ ಚಪ್ಪಲಿಯಲ್ಲಿ ಚರಚರ ನಡೆದು, ಇದನ್ನು ಯಾಕೆ ಗುಡಿಸುತ್ತೀರಿ, ಎಷ್ಟು ಚೆನ್ನಾಗಿದೆ, ಎಂದರು. ನನ್ನ ಗಂಡ ನನ್ನ ಮುಖ ನೋಡಿದರು; ನಾನು ಅವರ ಮುಖ ನೋಡಲಿಲ್ಲ. ಒಳಗೆ ಬಂದು ಬೀಗಿತ್ತಿ ಕೈಗಡಿಯಾರವನ್ನು ಗೋಡೆಯ ಗಡಿಯಾರದ ಜೊತೆ ಹೋಲಿಸಿ ನೋಡಿದರು. ಎರಡೂ ಒಂದೇ. ತಿರುಗಿಸುವ ಕೆಲಸವಿರಲಿಲ್ಲ.

ಊಟಕ್ಕೆ ಅನ್ನ, ತೆಂಗಿನ ಹಾಲು ಹಾಕಿದ ಕೋಳಿ ಸಾರು, ಮೆಂತ್ಯ ಸೊಪ್ಪಿನ ಪಲ್ಯ, ಮಾವಿನ ಉಪ್ಪಿನಕಾಯಿ. ಅವರ ಸೀಮೆಯಲ್ಲಿ ತೆಂಗಿನ ಹಾಲು, ಮೆಣಸಿನಕಾಯಿ ಇಲ್ಲದೆ ಅಡುಗೆಯೇ ಇಲ್ಲವಂತೆ. ಖಾರ ಹೆಚ್ಚಾಯಿತೇ ಎಂದು ಕೇಳಿದ್ದಕ್ಕೆ, ಇನ್ನೆರಡು ಹಸಿಮೆಣಸಿನಕಾಯಿ ಇದೆಯೇ ಎಂದು ಕೇಳಿದರು. ಅನ್ನ ಮೂರು ಸಲ ಹಾಕಿಸಿಕೊಂಡರು. ಕೊನೆಗೆ ಶಾವಿಗೆ ಖೀರು ಬಟ್ಟಲಿಗೆ ಬಡಿಸುವಾಗ ಅತ್ತೆ ಒಂದು ಎಳೆ ಚಮಚದಲ್ಲಿ ಎತ್ತಿ ಹಿಡಿದು, "ನೋಡು, ಇದು ನಿನ್ನ ನೆಂಟ ಬಂದ ದಾರಿ," ಎಂದು ಬಾಯಿಗೆ ಹಾಕಿಕೊಂಡರು. ಪೆಟ್ಟಿಗೆಯಿಂದ ಬಂದ ಬಾದಾಮಿಯಂಥ ಅವರೂರಿನ ಕಾಯಿಯ ಮಿಠಾಯಿಯನ್ನು ಎಲ್ಲರೂ ತಿಂದೆವು. ಉಳಿದ ಬನ್ನು ನಾಳೆ ಬೆಳಗಿನ ಕಾಫಿಗೆ.

ಇಷ್ಟು ದೂರ ಬಂದವರು, ಬೀಗಿತ್ತಿಯೇ ಮೊದಲು ಮಲಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಪಕ್ಕ ನಿಂತು ಪಾತ್ರೆ ಒರೆಸಿದರು. ಅತ್ತೆ ನಮಾಜ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತರು, ಮಲಗಲಿಲ್ಲ. ಗಂಡ, ಮಗ ಹಗ್ಗ ಬಿಚ್ಚಿ ಪೆಟ್ಟಿಗೆ ಮೇಲೆ ಸಾಗಿಸುತ್ತಿದ್ದರು. ಕೈ ಒರೆಸಿಕೊಂಡು ತಿರುಗಿ ನೋಡಿದರೆ ಸೊಸೆ ಸೋಫಾದ ಮೇಲೆ, ತಾಯಿಯ ಆ ದೊಡ್ಡ ಜಾಕೆಟ್ಟನ್ನು ತಲೆಯಡಿ ಇಟ್ಟುಕೊಂಡು ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟೋ ವಾರದಿಂದ ಮಗ್ಗುಲು ಬದಲಿಸಿ ಬದಲಿಸಿ ಕಳೆದವಳು, ಈಗ ನಾವೆಲ್ಲ ಮಾತಾಡುತ್ತಿದ್ದರೂ ಅಲುಗಾಡಲಿಲ್ಲ. ಬೀಗಿತ್ತಿ ಹೋಗಿ ಅವಳ ಕಾಲ ಬಳಿ ಕುಳಿತು ಎರಡು ಜೊತೆ ಸಾಕ್ಸಿನಲ್ಲಿ ಒಂದು ಜೊತೆ ಬಿಚ್ಚಿದರು.